ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿಗೆ ಬ್ಯಾಟರಿ ಚೀಟಿ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ನಾನು ಠಾಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇರುವವನು, ಊರು ಕುಂದಾಪುರದ ಹತ್ತಿರ. ಪತ್ರಿಕೆಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಬರೆಯಲು ಕಾರಣ ಇದೆ. ಈಚೆಗೆ ನಮ್ಮವರಲ್ಲಿ ತುಂಬಾ ಜನ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಹುಡುಕುತ್ತಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ, ಮಾಟುಂಗದ ಕಾರ್ಯಕ್ರಮಗಳಲ್ಲಿ, ಲೋಕಲ್ ಟ್ರೈನಿನಲ್ಲಿ, ಎಲ್ಲಿ ಮಾತು ಶುರುವಾದರೂ ಎರಡೇ ಪ್ರಶ್ನೆ: ಎಷ್ಟು ಓಡಿದೆ, ಎಷ್ಟಕ್ಕೆ ಸಿಗುತ್ತೆ? ಬ್ಯಾಟರಿ ಹೇಗಿದೆ ಅಂತ ಕೇಳುವವರು ಕಮ್ಮಿ. ಕೇಳಿದರೂ ತೋರಿಸಲು ಮಾರುವವರ ಹತ್ತಿರ ಒಂದು ಕಾಗದವೂ ಇರುವುದಿಲ್ಲ. ಪೆಟ್ರೋಲ್ ಕಾರು ಕೊಂಡರೆ ಹೊಗೆ ಪರೀಕ್ಷೆಯ ಪಿಯುಸಿ ಚೀಟಿಯಾದರೂ ಸಿಗುತ್ತೆ. ಎಲೆಕ್ಟ್ರಿಕ್ ಕಾರಿಗೆ ಹೊಗೆಯೇ ಇಲ್ಲ, ಹಾಗಾಗಿ ಆ ಚೀಟಿಯೂ ಬೇಡ, ಸರಿ. ಆದರೆ ಇಡೀ ಕಾರಿನಲ್ಲಿ ಅತಿ ಹೆಚ್ಚು ಬೆಲೆ ಬಾಳುವ ವಸ್ತು ಬ್ಯಾಟರಿ, ಅದು ಯಾವ ಸ್ಥಿತಿಯಲ್ಲಿದೆ ಎಂದು ಹೇಳುವ ಚೀಟಿ ಬೇಡವೇ?

ನಮ್ಮ ಭಾವನಿಗೆ ಆದದ್ದನ್ನು ಹೇಳುತ್ತೇನೆ. ಭಾವ ಭಾಂಡುಪ್‌ನಲ್ಲಿ ಕ್ಯಾಂಟೀನ್ ನಡೆಸುವವರು, ಬೆಳಿಗ್ಗೆ ಮಾರ್ಕೆಟ್‌ಗೆ, ಸಂಜೆ ಮಕ್ಕಳ ಟ್ಯೂಶನ್‌ಗೆ, ತಿಂಗಳಿಗೊಮ್ಮೆ ಚಿಂಚವಡದಲ್ಲಿರುವ ತಂಗಿಯ ಮನೆಗೆ. ನಾಲ್ಕು ವರ್ಷ ಹಳೆಯ ಕಾರು, ಒಳಗೆಲ್ಲ ಹೊಸದರ ಹಾಗೆ ತೊಳೆದು ಪಾಲಿಶ್ ಮಾಡಿ ಇಟ್ಟಿದ್ದರು. ಡಿಸ್ಪ್ಲೇನಲ್ಲಿ ಫುಲ್ ಚಾರ್ಜ್‌ಗೆ 215 ಕಿಲೋಮೀಟರ್ ಅಂತ ತೋರಿಸುತ್ತಿತ್ತು. ಭಾವ ಅದನ್ನು ನೋಡಿ ಅರ್ಧ ಗಂಟೆಯಲ್ಲಿ ಟೋಕನ್ ಕೊಟ್ಟುಬಿಟ್ಟರು. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲಿಲ್ಲ, ಯಾಕೆಂದರೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸಿ ರಾತ್ರಿ ಚಾರ್ಜಿಗೆ ಹಾಕುವವರಿಗೆ ಅರ್ಧ ಬ್ಯಾಟರಿ ಇದ್ದರೂ ಸಾಕು.

ಜುಲೈನ ಮಳೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಪುಣೆಗೆ ಹೊರಟರು. ಖಾಲಾಪುರ ಮುಟ್ಟುವಾಗ 54 ಶೇಕಡಾ ಉಳಿದಿತ್ತು. ಆಮೇಲೆ ಘಾಟಿ. ಖಂಡಾಲಾ ಘಾಟಿ ಹತ್ತುವಾಗ ಯಾವ ಎಲೆಕ್ಟ್ರಿಕ್ ಕಾರಿನ ಚಾರ್ಜ್ ಆದರೂ ಬೇಗ ಇಳಿಯುತ್ತೆ, ಅದು ತಪ್ಪಲ್ಲ, ಇಳಿಯುವಾಗ ಸ್ವಲ್ಪ ವಾಪಸ್ ಬರುತ್ತೆ. ಆದರೆ ಇದು ಹತ್ತಿ ಮುಗಿಯುವಷ್ಟರಲ್ಲಿ 21ಕ್ಕೆ ಬಂತು, ಅಲ್ಲಿಂದ ಎರಡೇ ನಿಮಿಷದಲ್ಲಿ 11ಕ್ಕೆ ಬಿತ್ತು, ಕಾರು ತಾನಾಗಿಯೇ ವೇಗ ಕಮ್ಮಿ ಮಾಡಿಕೊಂಡಿತು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿವೆ, ಒಳಗೆ ಎರಡು ಚಿಕ್ಕ ಮಕ್ಕಳು, ಹೊರಗೆ ಜಡಿಮಳೆ. ಹೇಗೋ ಲೋಣಾವಳದ ಒಂದು ಚಾರ್ಜರ್‌ಗೆ ತಲುಪಿದರು, ಅಲ್ಲಿ ಮುಂದೆ ಇನ್ನೆರಡು ಕಾರು. ತಂಗಿಯ ಮನೆಗೆ ಮುಟ್ಟುವಾಗ ರಾತ್ರಿ ಊಟದ ಹೊತ್ತೂ ಮೀರಿತ್ತು.

ಮರುವಾರ ಸರ್ವಿಸ್ ಸೆಂಟರ್‌ಗೆ ಹೋದಾಗ ಎರಡು ಸಂಗತಿ ಗೊತ್ತಾಯಿತು. ಬ್ಯಾಟರಿಯಲ್ಲಿ ಕೆಲವು ಸೆಲ್‌ಗಳ ವೋಲ್ಟೇಜ್ ಉಳಿದವುಗಳಿಗಿಂತ ಕೆಳಗಿತ್ತು. ಎರಡನೆಯದು, ಕಾರನ್ನು ಲಿಫ್ಟ್ ಮೇಲೆ ಎತ್ತಿ ನೋಡಿದರೆ ಬ್ಯಾಟರಿ ಪೆಟ್ಟಿಗೆಯ ತಳಕ್ಕೆ ಯಾವುದೋ ಕಲ್ಲೋ ಹಂಪೋ ಬಡಿದು ಒಳಕ್ಕೆ ತಗ್ಗಾಗಿತ್ತು, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಹೊರಗಿನಿಂದ ಬಿದ್ದ ಏಟಿಗೆ ವಾರಂಟಿ ಇಲ್ಲ ಎಂದರು. ಪೆಟ್ಟು ಬಿದ್ದ ಹೊತ್ತಿಗೇ ಆಗಿನ ಮಾಲೀಕ ವಿಮೆಯಲ್ಲಿ ಕ್ಲೇಮ್ ಮಾಡಬಹುದಿತ್ತು, ಈಗ ಅದಕ್ಕೂ ದಾರಿ ಇಲ್ಲ. ಆರ್‌ಸಿ ಸರಿಯಾಗಿ ನೋಡಿದರೆ ಮೊದಲ ಮಾಲೀಕ ಒಂದು ಕಂಪನಿ, ನೌಕರರನ್ನು ಕರೆದುಕೊಂಡು ಹೋಗಿ ಬಿಡಲು ಇಟ್ಟುಕೊಂಡಿದ್ದ ಕಾರು. ಮಾರಿದವನಿಗೆ ಫೋನ್ ಮಾಡಿದರೆ "ನೀವು ನೋಡಿಯೇ ತಗೊಂಡ್ರಲ್ವಾ" ಎಂದ. ಭಾವ ನೋಡಿದ್ದು ನಿಜ. ಏನನ್ನು ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇದಾಗಿ ಕೆಲವು ತಿಂಗಳಿಗೆ ನಾನೂ ಒಂದು ಹಳೆಯ ಎಲೆಕ್ಟ್ರಿಕ್ ಕಾರು ಕೊಂಡೆ. ಮೂರು ವಾರ ತಗೊಂಡೆ, ಐದು ಕಾರು ನೋಡಿದೆ. ಆಗ ಕಲಿತದ್ದನ್ನು ಓದುಗರ ಮುಂದೆ ಇಡುವುದು ನನ್ನ ಆಸೆ.

ಡಿಸ್ಪ್ಲೇನಲ್ಲಿ ಕಾಣುವ ಕಿಲೋಮೀಟರ್ ಸಂಖ್ಯೆಯನ್ನು ನಂಬಬೇಡಿ. ಅದು ಬ್ಯಾಟರಿಯನ್ನು ಅಳೆದು ಹೇಳುವ ಸಂಖ್ಯೆ ಅಲ್ಲ, ಈಚೆಗೆ ಕಾರನ್ನು ಹೇಗೆ ಓಡಿಸಿದ್ದಾರೆ ಎಂಬುದರ ಮೇಲೆ ಕಾರು ಹಾಕುವ ಅಂದಾಜು. ಎಸಿ ಹಾಕದೆ ಮೂವತ್ತರ ವೇಗದಲ್ಲಿ ಎರಡು ದಿನ ಮೆಲ್ಲಗೆ ಓಡಿಸಿದರೆ ಆ ಸಂಖ್ಯೆ ತಾನಾಗಿ ಮೇಲೇರುತ್ತೆ. ಕಂಪನಿ ಜಾಹೀರಾತಿನ ಸಂಖ್ಯೆಯೂ ಬೇರೆ ಕಥೆ. 2020ರ ಜನವರಿಯಲ್ಲಿ ಬಂದ ಟಾಟಾದ ಮೊದಲ ನೆಕ್ಸಾನ್ ಇವಿಗೆ ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಪುಣೆಯ ಸಂಸ್ಥೆ) ಪರೀಕ್ಷೆಯಲ್ಲಿ 312 ಕಿಲೋಮೀಟರ್ ಎಂದಿತ್ತು, ಅದು ಪರೀಕ್ಷಾ ಕೊಠಡಿಯ ಲೆಕ್ಕ. ನಮ್ಮ ಟ್ರಾಫಿಕ್ಕಿನಲ್ಲಿ, ಎಸಿ ಹಾಕಿಕೊಂಡು, ನಾಲ್ಕು ಜನ ಕೂತರೆ ಹೊಸದಿದ್ದಾಗಲೂ ಅಷ್ಟು ಬರುವುದಿಲ್ಲ. ಹಾಗಾಗಿ ಹಳೆ ಕಾರು 312 ಕೊಡುತ್ತಿಲ್ಲ ಅಂತ ಗಾಬರಿ ಬೇಡ, 312 ಕೊಡುತ್ತೆ ಎನ್ನುವವರ ಮಾತೂ ಬೇಡ.

ಹಾಗಾದರೆ ಅಳೆಯುವುದು ಹೇಗೆ? ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್‌ನಲ್ಲಿ ಹೇಳುತ್ತಾರಲ್ಲ, ಅದು ನಮ್ಮ ಮನೆ ಕರೆಂಟ್ ಬಿಲ್ಲಿನ ಯೂನಿಟ್ಟೇ. ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್, 2022ರಲ್ಲಿ ಬಂದ ನೆಕ್ಸಾನ್ ಇವಿ ಮ್ಯಾಕ್ಸ್ 40.5, ಟಿಯಾಗೊ ಇವಿಯಲ್ಲಿ 19.2 ಮತ್ತು 24 ಎರಡು ಬಗೆ, ಎಂಜಿ ಕಾಮೆಟ್ 17.3. ನೀವು ನೋಡುವ ಕಾರು ಹೊಸದಿದ್ದಾಗ ಎಷ್ಟು ಯೂನಿಟ್ ಹಿಡಿಯುತ್ತಿತ್ತು ಎಂದು ತಿಳಿದುಕೊಳ್ಳಿ. ಈಗ ಎಷ್ಟು ಹಿಡಿಯುತ್ತೆ ಎಂದು ನೀವೇ ಲೆಕ್ಕ ಹಾಕಿ.

ನಾನು ಮಾಡಿದ್ದು ಹೀಗೆ. ಮಾಲೀಕರು ಒಳ್ಳೆಯವರು, ಹಿಂದಿನ ರಾತ್ರಿ 100ಕ್ಕೆ ಚಾರ್ಜ್ ಮಾಡಿ ಇಟ್ಟಿದ್ದರು, ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಅವರೇ ಕೂತರು. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎಸಿ ಹಾಕಿ, ಪನವೇಲ್ ಕಡೆ ಹೋಗಿ ಬಂದೆವು. 100 ಕಿಲೋಮೀಟರ್ ಆಗುವಾಗ ಚಾರ್ಜ್ 50ಕ್ಕೆ ಇಳಿದಿತ್ತು. ಕಿಲೋಮೀಟರಿಗೆ ಸರಾಸರಿ 130 ವ್ಯಾಟ್ ಅವರ್ ಖರ್ಚು ಅಂತ ಕಾರೇ ತೋರಿಸಿತು. ಸಾವಿರ ವ್ಯಾಟ್ ಅವರ್ ಸೇರಿದರೆ ಒಂದು ಯೂನಿಟ್, ಅಂದರೆ 100 ಕಿಲೋಮೀಟರಿಗೆ 13 ಯೂನಿಟ್. ಅರ್ಧ ಬ್ಯಾಟರಿಗೆ 13 ಆದರೆ ಪೂರ್ತಿಗೆ 26. ಹೊಸದಿದ್ದಾಗ 30.2 ಇದ್ದದ್ದು ಈಗ 26 ಎಂದರೆ ಸುಮಾರು 86 ಶೇಕಡಾ ಉಳಿದಿದೆ. ನಾಲ್ಕು ವರ್ಷದ ಕಾರಿಗೆ ಇದು ನನಗೆ ಒಪ್ಪಿಗೆಯಾಯಿತು. ಹೊಸ ಕಾರಿನಲ್ಲೂ ಕಂಪನಿ ಹೇಳಿದ ಪೂರ್ತಿ ಯೂನಿಟ್ ಬಳಕೆಗೆ ಸಿಗುವುದಿಲ್ಲ, ಸ್ವಲ್ಪವನ್ನು ಕಾಯ್ದಿರಿಸಿರುತ್ತಾರೆ, ಆದ್ದರಿಂದ ನಿಜವಾದ ಆರೋಗ್ಯ ಈ ಲೆಕ್ಕಕ್ಕಿಂತ ಒಂದಿಷ್ಟು ಮೇಲೆಯೇ ಇರುತ್ತೆ. ಆದರೆ ಚಾರ್ಜನ್ನು ಬರೀ ಐದು ಹತ್ತು ಶೇಕಡಾ ಇಳಿಸಿ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತೆ. ಕಮ್ಮಿ ಎಂದರೂ 40-50 ಶೇಕಡಾ ಇಳಿಯಬೇಕು.

ಡೀಲರ್ ಹತ್ತಿರ ಇರುವ ಕಾರನ್ನು ಅಷ್ಟು ದೂರ ಓಡಿಸಲು ಬಿಡುವುದಿಲ್ಲ. ಅದಕ್ಕೂ ಉಪಾಯ ಇದೆ, ನನಗೆ ಇದೇ ಹೆಚ್ಚು ಇಷ್ಟ. ಹತ್ತಿರದ ಫಾಸ್ಟ್ ಚಾರ್ಜರ್‌ಗೆ ಕಾರನ್ನು ತನ್ನಿ ಎನ್ನಿ, ಚಾರ್ಜಿಂಗ್ ದುಡ್ಡು ನೀವೇ ಕೊಡಿ. 30 ಶೇಕಡಾದಿಂದ 80ರವರೆಗೆ ಚಾರ್ಜ್ ಮಾಡಿ, ಆಪ್‌ನಲ್ಲಿ ಬರುವ ಬಿಲ್ಲಿನಲ್ಲಿ ಎಷ್ಟು ಯೂನಿಟ್ ಹೋಯಿತು ಎಂದು ನೋಡಿ. ಅರ್ಧ ಬ್ಯಾಟರಿಗೆ ಎಷ್ಟು ಹಿಡಿಯಿತೋ ಅದರ ಎರಡರಷ್ಟು ಪೂರ್ತಿಗೆ. ಫಾಸ್ಟ್ ಚಾರ್ಜರ್ ಡಿಸಿ ಕರೆಂಟ್ ಕೊಡುವುದರಿಂದ ನಡುವೆ ನಷ್ಟ ಕಮ್ಮಿ. ಮನೆಯ 15 ಆಂಪ್ ಸಾಕೆಟ್‌ನಲ್ಲಿ ಹಾಕಿ ಮೀಟರ್ ನೋಡಿದರೆ ಹತ್ತು ಶೇಕಡಾದಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಶಾಖವಾಗಿ ಹೋಗಿರುತ್ತೆ, ಅದನ್ನು ಕಳೆದು ಲೆಕ್ಕ ಹಾಕಬೇಕು. ಫಾಸ್ಟ್ ಚಾರ್ಜಿಂಗ್ ಕೆಲಸ ಮಾಡುತ್ತಾ ಇಲ್ವಾ ಅನ್ನುವುದೂ ಅಲ್ಲೇ ಗೊತ್ತಾಗುತ್ತೆ. ನಾನು ನೋಡಿದ ಎರಡನೆಯ ಕಾರು ಮೂರು ಸಲ ಗನ್ (ಚಾರ್ಜರ್‌ನಿಂದ ಕಾರಿಗೆ ಸಿಕ್ಕಿಸುವ ಪ್ಲಗ್) ಹಾಕಿದರೂ ಚಾರ್ಜ್ ಶುರು ಮಾಡಲಿಲ್ಲ. "ಮನೆಯಲ್ಲಿ ಚೆನ್ನಾಗಿ ಆಗುತ್ತೆ" ಎಂದರು. ನಾನು ಕೈ ಮುಗಿದು ಬಂದೆ.

ಗನ್ ಅಂದಾಗ ನೆನಪಾಯಿತು. ಫಾಸ್ಟ್ ಚಾರ್ಜಿಂಗ್‌ಗೆ ಈಗಿನ ಹೆಚ್ಚಿನ ಖಾಸಗಿ ಕಾರುಗಳಿಗೆ ಸಿಸಿಎಸ್2 ಎಂಬ ಗನ್. ಆದರೆ ಹಳೆಯ ಇ-ವೆರಿಟೊ, ಮೊದಮೊದಲ ಟಿಗೋರ್ ಇವಿ, ಟ್ಯಾಕ್ಸಿ ಕಂಪನಿಗಳಿಗೆಂದು ಮಾಡಿದ ಮೊದಲಿನ ಎಕ್ಸ್‌ಪ್ರೆಸ್-ಟಿ ಇವಕ್ಕೆ ಭಾರತ್ ಡಿಸಿ-001 ಎಂಬ 15 ಕಿಲೋವ್ಯಾಟ್‌ನ ಬೇರೆ ಗನ್. ಹೆದ್ದಾರಿಯಲ್ಲಿ ಈಗ ಅಂಥ ಚಾರ್ಜರ್ ಹುಡುಕುವುದು ಕಷ್ಟ. ಬೆಲೆ ಅಗ್ಗ ಅಂತ ಕಂಡರೆ ಮೊದಲು ಚಾರ್ಜಿಂಗ್ ಮುಚ್ಚಳ ತೆಗೆದು ನೋಡಿ.

ಬ್ಯಾಟರಿಯೊಳಗೆ ಏನಾಗಿದೆ ಎಂಬುದು ಸರ್ವಿಸ್ ಸೆಂಟರ್‌ನ ಕಂಪ್ಯೂಟರಿಗೆ ಗೊತ್ತು. ಕಾರಿನ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಕಾರನ್ನು ಒಯ್ದು, ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು, ಸೆಲ್‌ಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಎಷ್ಟು, ದೋಷದ ಕೋಡ್ ಏನಾದರೂ ಇದೆಯಾ, ಈ ಮೂರನ್ನು ಬರೆದು ಕೊಡಲು ಕೇಳಿ. ವೋಲ್ಟೇಜ್ ವ್ಯತ್ಯಾಸವನ್ನು ಯಾಕೆ ಕೇಳಬೇಕು? ಬ್ಯಾಟರಿ ಅಂದರೆ ಒಂದೇ ದೊಡ್ಡ ಡಬ್ಬಿ ಅಲ್ಲ, ಸಾಲಾಗಿ ಜೋಡಿಸಿದ ಹತ್ತಾರು ಸೆಲ್‌ಗಳು. ಆಷಾಢದಲ್ಲಿ ಪುಣೆಯಿಂದ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರ ದಿಂಡಿಯಲ್ಲಿ ನಿಧಾನ ನಡೆಯುವವರ ಹೆಜ್ಜೆಗೆ ಎಲ್ಲರೂ ಹೊಂದಿಕೊಳ್ಳುತ್ತಾರಲ್ಲ, ಹಾಗೆಯೇ ಇಲ್ಲಿಯೂ. ಒಂದು ಸೆಲ್ ಸೋತರೆ ಉಳಿದವುಗಳಲ್ಲಿ ಚಾರ್ಜ್ ಇದ್ದರೂ ಕಾರು ಮುಂದೆ ಎಳೆಯುವುದಿಲ್ಲ. ಭಾವನ ಕಾರು 21ರಿಂದ 11ಕ್ಕೆ ಬಿದ್ದದ್ದು ಇದೇ ಕಾರಣಕ್ಕೆ.

ಆದರೆ ಒಂದು ಮಾತು. ನೆಕ್ಸಾನ್, ಕಾಮೆಟ್ ಇಂಥವುಗಳಲ್ಲಿರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬಗೆಯ ಸೆಲ್. ಇದು ಗಟ್ಟಿ, ಶಾಖ ತಡೆಯುತ್ತೆ, ಆಗಾಗ 100ಕ್ಕೆ ಚಾರ್ಜ್ ಮಾಡಿದರೂ ಪರವಾಗಿಲ್ಲ. ಮಾಡಲೇಬೇಕು ಕೂಡ, ಯಾಕೆಂದರೆ ಇದರ ವೋಲ್ಟೇಜ್ ಬಹಳ ಹೊತ್ತು ಒಂದೇ ಮಟ್ಟದಲ್ಲಿ ಇರುವುದರಿಂದ ಎಷ್ಟು ಉಳಿದಿದೆ ಎಂದು ಕಾರಿಗೆ ಲೆಕ್ಕ ತಪ್ಪುತ್ತಾ ಹೋಗುತ್ತೆ, ಪೂರ್ತಿ ಚಾರ್ಜ್ ಆದಾಗಲೇ ಅದು ಲೆಕ್ಕ ಸರಿ ಮಾಡಿಕೊಳ್ಳುವುದು. ತಿಂಗಳುಗಟ್ಟಲೆ 100 ಮಾಡದ ಕಾರಿನಲ್ಲಿ ಶೇಕಡಾ ದಿಢೀರ್ ಬಿದ್ದರೆ, ಬ್ಯಾಟರಿ ಕೆಟ್ಟಿದೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಎರಡು ಮೂರು ಸಲ ನಿಧಾನ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ ಮತ್ತೆ ನೋಡಿ. ಹ್ಯುಂಡೈ ಕೋನಾದಂಥ ಕಾರುಗಳಲ್ಲಿ ಎನ್‌ಎಂಸಿ, ಅಂದರೆ ನಿಕ್ಕಲ್ ಮ್ಯಾಂಗನೀಸ್ ಕೋಬಾಲ್ಟ್ ಬಗೆಯದು. ಅದನ್ನು ದಿನವೂ ಪೂರ್ತಿ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ್ದರೆ ಬೇಗ ಸವೆಯುತ್ತೆ. ಇದಕ್ಕೇ ನಾನು ಹೇಳುವುದು, ಓಡಿದ ಕಿಲೋಮೀಟರ್ ಒಂದನ್ನೇ ನೋಡಬೇಡಿ. ದಿನಾ ಓಡಿ, ರಾತ್ರಿ ಮನೆಯಲ್ಲಿ ನಿಧಾನ ಚಾರ್ಜ್ ಆದ 60,000 ಕಿಲೋಮೀಟರಿನ ಕಾರು ಚೆನ್ನಾಗಿರಬಹುದು. ಮಾಲೀಕ ವಿದೇಶಕ್ಕೆ ಹೋಗಿ ವರ್ಷಗಟ್ಟಲೆ ಸುಮ್ನೆ ನಿಂತಿದ್ದ 15,000ದ ಕಾರು ಕೆಟ್ಟಿರಬಹುದು.

ವಾರಂಟಿ ವಿಷಯ. ತುಂಬಾ ಕಾರುಗಳಿಗೆ ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಇದೆ, ಮೊದಲು ಯಾವುದು ಮುಗಿಯುತ್ತೋ ಅದು. 2020ರ ಕಾರಾದರೆ ವಾರಂಟಿ 2028ಕ್ಕೆ ಮುಗಿಯುತ್ತೆ. ಉಳಿದಿರುವ ಆ ವರ್ಷಗಳೇ ನೀವು ಕೊಡುವ ಬೆಲೆಯ ದೊಡ್ಡ ಪಾಲು. ಎರಡನೆಯ ಮಾಲೀಕರಿಗೆ ವಾರಂಟಿ ಬರುತ್ತಾ, ಬರುವುದಾದರೆ ಕಂಪನಿಗೆ ಹೆಸರು ಬದಲಾವಣೆ ತಿಳಿಸಬೇಕಾ, ಟ್ಯಾಕ್ಸಿಯಾಗಿ ಓಡಿದ್ದರೆ ಏನು ಷರತ್ತು, ಶೇಕಡಾ ಎಷ್ಟಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸರಿಮಾಡಿ ಕೊಡುತ್ತಾರೆ, ಇದನ್ನೆಲ್ಲ ವಾರಂಟಿ ಪುಸ್ತಕದಲ್ಲಿ ನೀವೇ ಓದಿ. ಈಗ ಕೆಲವು ಕಂಪನಿಗಳು ಬ್ಯಾಟರಿಗೆ ಜೀವನಪೂರ್ತಿ ವಾರಂಟಿ ಅಂತ ಹೇಳುತ್ತಿವೆ. ಅದು ಮೊದಲ ಮಾಲೀಕರಿಗೆ ಮಾತ್ರ, ಕೈ ಬದಲಾದ ಕೂಡಲೇ ವರ್ಷದ ಲೆಕ್ಕಕ್ಕೆ ಇಳಿಯುತ್ತೆ.

ಇನ್ನೊಂದು ಹೊಸ ತೊಡಕು. ಎಂಜಿ ಕಂಪನಿ 2024ರಲ್ಲಿ ವಿಂಡ್ಸರ್ ತಂದಾಗ ಕಾರನ್ನು ಕಮ್ಮಿ ಬೆಲೆಗೆ ಕೊಟ್ಟು, ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಯೋಜನೆ ತಂದಿತು, ಕಾಮೆಟ್‌ಗೂ ಅದು ಬಂತು. ಯೋಜನೆ ಕೆಟ್ಟದ್ದಲ್ಲ. ಆದರೆ ಅಂಥ ಕಾರು ಸೆಕೆಂಡ್ ಹ್ಯಾಂಡ್ ಆಗಿ ಬಂದಾಗ ಬ್ಯಾಟರಿಯ ಬಾಕಿ ತೀರಿದೆಯಾ, ತೀರದಿದ್ದರೆ ಯಾರು ಕಟ್ಟುತ್ತಾರೆ ಎಂದು ಆ ಬಾಡಿಗೆ ವಸೂಲು ಮಾಡುವ ಫೈನಾನ್ಸ್ ಕಂಪನಿಯಿಂದ ಬರಹದಲ್ಲಿ ತೆಗೆದುಕೊಳ್ಳದೆ ಟೋಕನ್ ಕೊಡಬೇಡಿ.

ಕಾರಿನ ಅಡಿಯನ್ನು ನೋಡದೆ ಕೊಳ್ಳಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬ್ಯಾಟರಿ ಇರುವುದು ಅಲ್ಲಿಯೇ, ನೆಲದ ಕೆಳಗೆ. ನಮ್ಮ ಹೊಂಡದ ರಸ್ತೆಗಳು, ಸೊಸೈಟಿಗಳ ಎತ್ತರದ ಹಂಪುಗಳು ಮೊದಲು ತಟ್ಟುವುದು ಅದಕ್ಕೇ. ಲಿಫ್ಟ್ ಮೇಲೆ ಎತ್ತಿಸಿ, ಟಾರ್ಚ್ ಹಿಡಿದು, ತಗ್ಗು, ಗೀರು, ಹೊಸ ಬಣ್ಣ, ತುಕ್ಕು ಹಿಡಿದ ಬೋಲ್ಟ್, ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗಳ ಮೇಲೆ ಟೇಪ್ ಸುತ್ತಿದ ಗುರುತು ಇದೆಯಾ ನೋಡಿ. ಹೊಸ ಬಣ್ಣ ಕಂಡರೆ ಯಾಕೆ ಬಳಿದರು ಎಂದು ಕೇಳಿ. ಮುಂಬಯಿಯಲ್ಲಿ ನೀರಿನ ಪ್ರಶ್ನೆಯೂ ಇದೆ. 2005ರ ಜುಲೈ 26ರ ಪ್ರವಾಹ ನೋಡಿದವರಿಗೆ ಹೇಳಬೇಕಿಲ್ಲ, ಈಗಲೂ ಪ್ರತಿ ಮಳೆಗಾಲದಲ್ಲಿ ತಗ್ಗಿನ ಪಾರ್ಕಿಂಗ್‌ಗಳಲ್ಲಿ ಕಾರುಗಳು ಮುಳುಗುತ್ತವೆ. ಬ್ಯಾಟರಿಗೆ ಐಪಿ67 ಎಂದು ಬರೆದಿರುತ್ತಾರೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತೆ ಎಂದು. ರಾತ್ರಿಯಿಡೀ ಕೆಸರು ನೀರಿನಲ್ಲಿ ನಿಂತರೂ ಏನೂ ಆಗುವುದಿಲ್ಲ ಎಂದು ಅರ್ಥ ಅಲ್ಲ, ಸೀಟಿನ ಕೆಳಗಿನ ವಯರಿಂಗ್‌ಗಂತೂ ಆ ಭರವಸೆಯೂ ಇಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತೆ. ಮ್ಯಾಟ್ ಎತ್ತಿ ಮೂಸಿ ನೋಡಿ. ನಾನು ನೋಡಿದ ಮೂರನೆಯ ಕಾರನ್ನು ಬಿಟ್ಟದ್ದು ಆ ಮುಗ್ಗಲು ವಾಸನೆಗೇ.

ಬ್ರೇಕ್ ಡಿಸ್ಕ್ ನೋಡುವುದನ್ನೂ ಮರೆಯಬೇಡಿ. ಎಲೆಕ್ಟ್ರಿಕ್ ಕಾರು ಮೋಟಾರಿನಿಂದಲೇ ಹೆಚ್ಚಿನ ವೇಗ ಇಳಿಸುತ್ತೆ, ಬ್ರೇಕ್ ಬಳಕೆ ಕಮ್ಮಿ, ಹಾಗಾಗಿ ಪ್ಯಾಡ್ ಬಹಳ ದಿನ ಬರುತ್ತೆ. ಒಳ್ಳೆಯದೇ. ಆದರೆ ಸಮುದ್ರದ ಉಪ್ಪು ಗಾಳಿಗೆ ಬಳಸದ ಡಿಸ್ಕ್ ತುಕ್ಕು ಹಿಡಿಯುತ್ತೆ. ಇನ್ನು ಟೈರ್ ಬೇಗ ಸವೆಯುತ್ತೆ, ಕಾರಿನ ತೂಕ ಜಾಸ್ತಿ. ಬಾನೆಟ್ ಅಡಿಯ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಆನ್ ಆಗುವುದಿಲ್ಲ. ಇವೆಲ್ಲ ಸಾವಿರಗಳ ಖರ್ಚು, ದೊಡ್ಡ ಬ್ಯಾಟರಿ ಲಕ್ಷಗಳ ಖರ್ಚು, ಆ ಅಳತೆಯಲ್ಲೇ ತೂಗಿ ನೋಡಿ.

ಕಾರಿನ ಜೊತೆ ಬಂದ ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿ ಇದೆಯಾ, ಎರಡೂ ಕೀ ಇವೆಯಾ ನೋಡಿ. ಮೊಬೈಲ್ ಆಪ್‌ನಿಂದ ಹಳೆಯ ಮಾಲೀಕರ ಹೆಸರು ತೆಗೆಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಅಗತ್ಯ. ಇಲ್ಲದಿದ್ದರೆ ನಿಮ್ಮ ಮಗಳು ಎಲ್ಲಿಗೆ ಕಾರು ತಗೊಂಡು ಹೋದಳು ಎಂದು ಗುರುತಿಲ್ಲದ ಒಬ್ಬರ ಫೋನಿನಲ್ಲಿ ಕಾಣುತ್ತಾ ಇರುತ್ತೆ.

ಕಾಗದಪತ್ರದ ವಿಷಯ ನಮ್ಮವರಿಗೆ ಗೊತ್ತಿರುವುದೇ. ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ಎಷ್ಟನೆಯ ಮಾಲೀಕ, ಸಾಲ ಇದೆಯಾ, ದಂಡ ಬಾಕಿ ಇದೆಯಾ ನೋಡಿ. ಹೆಸರು ಬದಲಾವಣೆಯ ಫಾರಂ 29, 30 ಸಹಿ ಮಾಡಿಸಿ, ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35. ಹೆಸರು ಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಖಾಸಗಿ, ಹಳದಿ ಅಕ್ಷರ ಇದ್ದರೆ ಬಾಡಿಗೆ ವಾಹನ. ಆಮೇಲೆ ಖಾಸಗಿಗೆ ಬದಲಾಯಿಸಿ ಮಾರುವವರೂ ಇದ್ದಾರೆ, ಹಳೆಯ ವಿಮೆ ಕಾಗದ ಮತ್ತು ಸರ್ವಿಸ್ ಬಿಲ್‌ಗಳಲ್ಲಿ ಯಾರ ಹೆಸರಿತ್ತು ಎಂದು ನೋಡಿದರೆ ತಿಳಿಯುತ್ತೆ. ಬೆಂಗಳೂರಿನಲ್ಲಿ ಆಯ್ಕೆ ಜಾಸ್ತಿ ಅಂತ ಅಲ್ಲಿಂದ ತರುವವರು ಅಲ್ಲಿನ ಆರ್‌ಟಿಒ ಎನ್‌ಒಸಿ ಇಲ್ಲದೆ ತರಬೇಡಿ, 12 ತಿಂಗಳ ಮೇಲೆ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅಟಲ್ ಸೇತುವಿನಲ್ಲಿ 2025ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಟೋಲ್ ಬಿಟ್ಟಿದ್ದಾರೆ, ನವಿ ಮುಂಬಯಿಗೆ ದಿನಾ ಹೋಗುವವರಿಗೆ ಅದು ದೊಡ್ಡ ಉಳಿತಾಯ. ಫಾಸ್ಟ್ಯಾಗ್ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿಯದಂತೆ ನೋಡಿಕೊಳ್ಳಿ.

ಬೆಲೆ ಮಾತಾಡುವಾಗ ಮಾಲೀಕರು ಅಂದು ಎಷ್ಟು ಕೊಟ್ಟಿದ್ದರು ಎಂಬುದರಿಂದ ಶುರು ಮಾಡಬೇಡಿ. 2024ರ ಫೆಬ್ರವರಿಯಲ್ಲಿ ಟಾಟಾ ತನ್ನ ನೆಕ್ಸಾನ್ ಇವಿ ಬೆಲೆಯನ್ನೇ 1.2 ಲಕ್ಷದವರೆಗೆ ಇಳಿಸಿತು. ಇವತ್ತು ಅಂಥದೇ ಹೊಸ ಕಾರು ಎಷ್ಟಕ್ಕೆ ಸಿಗುತ್ತೆ ಅಲ್ಲಿಂದ ಲೆಕ್ಕ ಶುರುವಾಗಬೇಕು. ಜಿಎಸ್‌ಟಿ ವಿಷಯದಲ್ಲೂ ಗೊಂದಲ ಇದೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೆಯ ಎಲೆಕ್ಟ್ರಿಕ್ ಕಾರಿಗೆ 18 ಶೇಕಡಾ ಎಂದಾಗ ಎಲ್ಲರೂ ಪೂರ್ತಿ ಬೆಲೆಯ ಮೇಲೆ ಅಂದುಕೊಂಡರು. ಅದು ಡೀಲರ್ ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವಿನ ಲಾಭದ ಮೇಲೆ ಮಾತ್ರ. ಒಬ್ಬ ಸಾಮಾನ್ಯ ಮನುಷ್ಯ ಇನ್ನೊಬ್ಬನಿಗೆ ಮಾರಿದರೆ ಇಲ್ಲವೇ ಇಲ್ಲ. "ಜಿಎಸ್‌ಟಿ 18 ಆಗಿದೆ ಸಾರ್" ಅಂತ ಬೆಲೆ ಏರಿಸಿದರೆ ಒಪ್ಪಬೇಡಿ.

ಕಾರು ನೋಡುವುದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಇಲ್ಲಿಯವರೆಗೆ ಹೇಳಲಿಲ್ಲ. ನಿಮ್ಮ ಪಾರ್ಕಿಂಗ್‌ನಲ್ಲಿ ಚಾರ್ಜ್ ಮಾಡಲು ಆಗುತ್ತಾ? ಮನೆಯ ಈಗಿನ ಕನೆಕ್ಷನ್‌ನಿಂದಲೇ ಕಾರು ಚಾರ್ಜ್ ಮಾಡಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಆದರೆ ಮೀಟರ್ ರೂಮಿನಿಂದ ಪಾರ್ಕಿಂಗ್‌ಗೆ ಕೇಬಲ್ ಎಳೆಯಲು ಸೊಸೈಟಿ ಒಪ್ಪಬೇಕಲ್ಲ. ನಮ್ಮ ಸೆಕ್ರೆಟರಿ ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಎಂದು ಎರಡು ತಿಂಗಳು ತಡೆದರು. ಅವರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನಿಂದ ಬೇರೆ ಎಂಸಿಬಿ, ಸರಿಯಾದ ದಪ್ಪದ ಕೇಬಲ್, ಅರ್ಥಿಂಗ್ ಮಾಡಿಸಿ ವರದಿ ಕೊಟ್ಟ ಮೇಲೆ ಒಪ್ಪಿದರು. ಡೊಂಬಿವಲಿ, ಕಲ್ಯಾಣದ ಹಳೆಯ ಕಟ್ಟಡಗಳಲ್ಲಿ ಇರುವವರು ಅರ್ಥಿಂಗನ್ನು ಮೊದಲೇ ಪರೀಕ್ಷೆ ಮಾಡಿಸಿ, ಅದು ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತೆ. ಮೇಲೆ ಕೆಳಗೆ ಸರಿಯುವ ಯಂತ್ರದ ಪಾರ್ಕಿಂಗ್ ಇರುವವರಿಗೆ ಕಷ್ಟ ಇನ್ನೂ ಜಾಸ್ತಿ. ಮನೆಯಲ್ಲಿ ಚಾರ್ಜ್ ಮಾಡಲಾಗದವರು ದಿನಾ ಫಾಸ್ಟ್ ಚಾರ್ಜರ್ ನಂಬಿ ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ.

ಇಷ್ಟೆಲ್ಲ ಒಬ್ಬ ಸಾಮಾನ್ಯ ಮನುಷ್ಯ ಯಾಕೆ ಪತ್ತೆ ಮಾಡಬೇಕು ಎಂಬುದು ನನ್ನ ನಿಜವಾದ ಪ್ರಶ್ನೆ. ನನಗೆ ಮೂರು ವಾರ ಸಮಯ ಇತ್ತು, ಕೇಳಿ ತಿಳಿಯುವ ಆಸಕ್ತಿ ಇತ್ತು. ಬೆಳಿಗ್ಗೆ ನಾಲ್ಕಕ್ಕೆ ಏಳುವ ಭಾವನಿಗೆ ಅದು ಎಲ್ಲಿಂದ ಬರಬೇಕು? ಬ್ಯಾಟರಿಯ ಆರೋಗ್ಯದ ಲೆಕ್ಕ ಕಾರಿನ ಒಳಗೇ ಇದೆ, ಅದನ್ನು ಕಾಗದದ ಮೇಲೆ ತರಲು ಹತ್ತು ನಿಮಿಷ ಸಾಕು. ವಿಶ್ವಸಂಸ್ಥೆಯ ಅಡಿಯಲ್ಲಿ 2022ರಲ್ಲೇ ಒಂದು ಜಾಗತಿಕ ನಿಯಮ ಬಂದಿದೆ, 5 ವರ್ಷ ಅಥವಾ 1 ಲಕ್ಷ ಕಿಲೋಮೀಟರ್‌ವರೆಗೆ ಬ್ಯಾಟರಿ 80 ಶೇಕಡಾ, 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್‌ವರೆಗೆ 70 ಶೇಕಡಾ ಉಳಿಯಬೇಕು, ಎಷ್ಟು ಉಳಿದಿದೆ ಎಂಬುದು ಕಾರಿನ ಮಾಲೀಕನಿಗೆ ಕಾಣಬೇಕು ಅಂತ. ಯುರೋಪ್‌ನಲ್ಲಿ 2027ರ ಫೆಬ್ರವರಿಯಿಂದ ಹೊಸ ಕಾರಿನ ಪ್ರತಿ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಬೇಕು. ನಮ್ಮಲ್ಲಿ ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ಅದರ ಸೀಸದ ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸಿದವರಿಗೆ ಈ ಖರ್ಚಿನ ಭಾರ ಎಂಥದು ಎಂದು ಆಗಲೇ ಗೊತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಎಲೆಕ್ಟ್ರಿಕ್ ಕಾರಿನ ಹೆಸರು ಬದಲಾವಣೆಗೆ ಆರ್‌ಟಿಒಗೆ ಫಾರಂ 29, 30 ಕೊಡುವಾಗ, ಒಂದು ತಿಂಗಳಿಗಿಂತ ಹಳೆಯದಲ್ಲದ ಬ್ಯಾಟರಿ ಆರೋಗ್ಯ ವರದಿಯೂ ಜೊತೆಗೆ ಇರಬೇಕು ಎಂದು ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಮಾಡಲಿ. ಶೇಕಡಾ ಎಷ್ಟು, ಸೆಲ್ ವ್ಯತ್ಯಾಸ ಎಷ್ಟು, ಅಡಿಯಲ್ಲಿ ಪೆಟ್ಟು ಇದೆಯಾ ಇಲ್ವಾ, ಉಳಿದ ವಾರಂಟಿ ಎಷ್ಟು, ಒಂದೇ ಪುಟ ಸಾಕು. ಎಲ್ಲ ಕಂಪನಿಯ ಸರ್ವಿಸ್ ಸೆಂಟರ್‌ಗಳೂ ನಿಗದಿ ಮಾಡಿದ ಶುಲ್ಕಕ್ಕೆ ಅದನ್ನು ಕೊಡಲೇಬೇಕು. ಇದರಿಂದ ಮಾರುವವರಿಗೂ ಒಳ್ಳೆಯದು, ಕಾರನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಅದಕ್ಕೆ ತಕ್ಕ ಬೆಲೆ ಸಿಗುತ್ತೆ. ನಿಯಮ ಬರುವವರೆಗೆ ಓದುಗರು ತಾವಾಗಿಯೇ ಆ ಒಂದು ಪುಟ ಕೇಳಿ, ಕೊಡದವರ ಕಾರು ಬಿಡಿ. ನಿಮ್ಮ ಪತ್ರಿಕೆ ಈ ವಿಷಯವನ್ನು ಮುಂದಕ್ಕೆ ಒಯ್ಯಬೇಕು ಎಂದು ಕೇಳಿಕೊಳ್ಳುತ್ತೇನೆ.

ಭಾವನ ಕಾರು ಈಗಲೂ ಭಾಂಡುಪ್‌ನಿಂದ ಮಾರ್ಕೆಟ್‌ಗೆ ಓಡುತ್ತಿದೆ, ಪುಣೆಗೆ ಬಸ್ಸಿನಲ್ಲಿ ಹೋಗುತ್ತಾರೆ. ನನ್ನ ಕಾರಿನ ಬ್ಯಾಟರಿ ವರದಿಯನ್ನು ಆರ್‌ಸಿ ಜೊತೆ ಅದೇ ಫೈಲಿನಲ್ಲಿ ಇಟ್ಟಿದ್ದೇನೆ. ಮಾರುವ ದಿನ ಬಂದರೆ ಹೊಸದಾಗಿ ಇನ್ನೊಂದು ಮಾಡಿಸಿ, ಎರಡನ್ನೂ ಕೊಳ್ಳುವವರ ಕೈಗೆ ಕೊಡುತ್ತೇನೆ.

ನಿಮ್ಮ ಓದುಗ,
ಠಾಣೆ ಪಶ್ಚಿಮ